ಡಚ್ ಬಾರದವರು ನೆದರ್‌ಲ್ಯಾಂಡ್ಸ್‌ನಲ್ಲಿ ಸ್ವಯಂಸೇವೆ ಮಾಡಬಹುದೇ?

ಪತಿಯ ಉದ್ಯೋಗದ ನಿಮಿತ್ತ ಐಂಡ್‌ಹೋವನ್‌ಗೆ ಬರಲಿರುವ ನೀವು, ಡಚ್ ಬಾರದವರನ್ನು ಇಲ್ಲಿನವರು ಸ್ವಯಂಸೇವೆಗೆ ಸೇರಿಸಿಕೊಳ್ಳುತ್ತಾರೆಯೇ, ಸೇರಿಸಿಕೊಂಡರೂ ಅದರಿಂದ ಒಂಟಿತನ ನೀಗುತ್ತದೆಯೇ ಎಂದು ಕೇಳಿದ್ದೀರಿ. ನಾನೂ ದಾವಣಗೆರೆಯಿಂದ ಇದೇ ಕಾರಣಕ್ಕೆ ಇದೇ ಊರಿಗೆ ಬಂದವಳು. ಸೇರಿಸಿಕೊಳ್ಳುತ್ತಾರೆ. ಆದರೆ ಮಾತೇ ಮುಖ್ಯವಾದ ಕೆಲಸವನ್ನು ಬಿಟ್ಟು, ನಿಮ್ಮ ಕೈಗೆ ಮೊದಲೇ ಪಳಗಿರುವ ಕೆಲಸವನ್ನು ಹುಡುಕಿಕೊಳ್ಳಿ.

ಇಲ್ಲಿನ ಭಾಷೆಯ ತೊಡಕು ನಾವು ಊಹಿಸಿಕೊಂಡು ಬರುವ ಬಗೆಯದಲ್ಲ. ಅಂಗಡಿಯಲ್ಲಿ ನಾವು ತಡವರಿಸುತ್ತ ಅರ್ಧ ವಾಕ್ಯ ಹೇಳುವಷ್ಟರಲ್ಲಿ ಎದುರಿನವರು ಸರಾಗವಾದ ಇಂಗ್ಲಿಷಿಗೆ ಹೊರಳಿಬಿಡುತ್ತಾರೆ. ಹೀಗಾಗಿ ವ್ಯವಹಾರವೆಲ್ಲ ಸಾಗುತ್ತದೆ, ಪರಿಚಯ ಮಾತ್ರ ಬೆಳೆಯುವುದಿಲ್ಲ. ನಾಲ್ವರು ಕಾಫಿಗೆ ಕೂತಾಗ ಮಾತು ಮತ್ತೆ ಡಚ್‌ಗೆ ಮರಳಿರುತ್ತದೆ, ನಾವು ಅವರ ಮುಖ ನೋಡಿಕೊಂಡು ನಗುತ್ತಿರುತ್ತೇವೆ. ಮೊದಲು ನಾನು ಒಂದು ವೃದ್ಧಾಶ್ರಮದಲ್ಲಿ ಕಾಫಿ ಕೊಡುವ ಕೆಲಸಕ್ಕೆ ಸೇರಿ, ಹಿರಿಯರು ಕೇಳಿದ್ದು ನನಗೆ ತಿಳಿಯದೆ, ನಾನು ಹೇಳಿದ್ದು ಅವರಿಗೆ ಕೇಳಿಸದೆ, ಮೂರೇ ವಾರಕ್ಕೆ ಬಿಟ್ಟು ಬಂದಿದ್ದೆ.

ಆಮೇಲೆ ಕೈಹಿಡಿದದ್ದು ರಿಪೇರಿ ಕೆಫೆ. ಮಾರ್ಟೀನ್ ಪೋಸ್ಟ್ಮಾ ಎಂಬ ಪತ್ರಕರ್ತೆ 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಆರಂಭಿಸಿದ ಈ ಪದ್ಧತಿ ಈಗ ಹಲವು ದೇಶಗಳಲ್ಲಿದೆ. ಕೆಟ್ಟ ಕಾಫಿ ಯಂತ್ರ, ದೀಪ, ಸೈಕಲ್ಲು, ಹರಿದ ಬಟ್ಟೆ ಹೀಗೆ ಏನನ್ನಾದರೂ ಜನ ತರುತ್ತಾರೆ; ಸ್ವಯಂಸೇವಕರು ಶುಲ್ಕವಿಲ್ಲದೆ ಸರಿಪಡಿಸಿಕೊಡುತ್ತಾರೆ; ಇಚ್ಛೆಯಿದ್ದವರು ಡಬ್ಬಿಗೆ ಒಂದಿಷ್ಟು ಹಣ ಹಾಕುತ್ತಾರೆ. ವಸ್ತುವನ್ನು ಬಿಟ್ಟುಹೋಗುವಂತಿಲ್ಲ, ತಂದವರು ಪಕ್ಕದಲ್ಲೇ ಕೂತು ಕೈಜೋಡಿಸಬೇಕು ಎಂಬುದೇ ಅದರ ಜೀವಾಳ. ಊರಿನಲ್ಲಿ ಸೀರೆಗೆ ಫಾಲ್ ಹಚ್ಚಿ, ರವಿಕೆ ಹೊಲಿದು ಅಭ್ಯಾಸವಿದ್ದ ನನ್ನನ್ನು ಹೊಲಿಗೆಯ ಮೇಜಿಗೆ ಕೂರಿಸಿದರು. ಜಿಪ್ಪಿಗೆ ‘ರಿಟ್ಸ್’, ದಾರಕ್ಕೆ ‘ದ್ರಾಡ್’, ಸೂಜಿಗೆ ‘ನಾಲ್ಡ್’ ಎನ್ನುವುದನ್ನು ಪುಸ್ತಕದಿಂದಲ್ಲ, ಆ ವಸ್ತುವನ್ನೇ ಕೈಯಲ್ಲಿ ಹಿಡಿದು ಕಲಿತೆ. ಒಬ್ಬ ಅಜ್ಜಿ ತಮ್ಮ ಕೋಟಿನ ಗುಂಡಿ ತೋರಿಸಿ ‘ಕ್ನೋಪ್’ ಎಂದರು, ಬಳಿಕ ದಾರದ ಗಂಟು ತೋರಿಸಿ ಅದಕ್ಕೂ ‘ಕ್ನೋಪ್’ ಎಂದರು. ನಮ್ಮ ಭಾಷೆಯಲ್ಲಿ ಗುಂಡಿ ಎಂದರೆ ನೆಲದಲ್ಲಿ ತೋಡಿದ ಹಳ್ಳವೂ ಹೌದು ಎಂದು ನಾನು ಕೈಸನ್ನೆಯಲ್ಲಿ ವಿವರಿಸಿದಾಗ, ಕೋಟಿಗೆ ಹಳ್ಳ ಹೊಲಿಯುತ್ತಿದ್ದೀಯಾ ಎಂದು ಅವರು ನಕ್ಕರು. ಆ ನಗುವಿನ ಕಾರಣ ನನಗೆ ಗೊತ್ತಿತ್ತು.

ಒಂದು ಶನಿವಾರ ನಾನು ಕಾಲು ಗಂಟೆ ತಡವಾಗಿ ಹೋದೆ. ಮೇಲ್ವಿಚಾರಣೆ ನೋಡಿಕೊಳ್ಳುವ ಹಿರಿಯರು ಎಲ್ಲರೆದುರೇ, ಹತ್ತು ಗಂಟೆ ಎಂದರೆ ಹತ್ತು ಗಂಟೆ, ಜನ ಕಾಯುತ್ತಿದ್ದಾರೆ ಎಂದು ಗದರಿದರು. ಕಣ್ಣು ತುಂಬಿ ಬಂತು. ಸಂಜೆ ಸೈಕಲ್ ತುಳಿಯುತ್ತ ಮನೆಗೆ ಬರುವಾಗಷ್ಟೇ ಹೊಳೆಯಿತು: ಅವರು ಇಂಗ್ಲಿಷಿಗೆ ಹೊರಳದೆ ಡಚ್‌ನಲ್ಲೇ ಗದರಿದ್ದರು, ನನಗೆ ಒಂದು ಪದವೂ ತಪ್ಪದೆ ಅರ್ಥವಾಗಿತ್ತು. ಅತಿಥಿಯನ್ನು ಯಾರೂ ಹಾಗೆ ಗದರುವುದಿಲ್ಲ.

ಇದರಿಂದ ಒಂಟಿತನ ಪೂರ್ತಿ ನೀಗಿತೆಂದರೆ ಸುಳ್ಳಾದೀತು. ಯುಗಾದಿಯ ದಿನ ಇಂದಿಗೂ ಕಷ್ಟವೇ. ಆದರೆ ಈಗ ಶನಿವಾರದ ಮಾರುಕಟ್ಟೆಯಲ್ಲಿ ನನ್ನ ಹೆಸರು ಹಿಡಿದು ಕರೆಯುವವರಿದ್ದಾರೆ. ಹೊರಡುವಾಗ ಅವರು ತರಗತಿಯಲ್ಲಿ ಕಲಿಸುವ ‘ತೋಟ್ ಜೀನ್ಸ್’ ಎನ್ನದೆ, ಈ ಊರಿರುವ ಬ್ರಾಬಾಂಟ್ ಸೀಮೆಯವರು ತಮ್ಮತಮ್ಮಲ್ಲಿ ಹೇಳಿಕೊಳ್ಳುವ ‘ಹೌದೂ’ ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ‘ಹೌದು’ ಎಂದೇ ಕೇಳಿಸುತ್ತದೆ.

ಬಂದ ಮೇಲೆ ನಿಮ್ಮ ನಿವಾಸ ಪರವಾನಗಿ ಕಾರ್ಡಿನ ಹಿಂಬದಿಯಲ್ಲಿ ಕೆಲಸದ ಬಗ್ಗೆ ಬರೆದಿರುವ ನಿಬಂಧನೆಯನ್ನು ಮೊದಲು ಓದಿಕೊಳ್ಳಿ. ಮಕ್ಕಳ ಅಥವಾ ವೃದ್ಧರ ಜೊತೆಗಿನ ಸೇವೆಗೆ ‘ವಿಒಜಿ’ ಎಂಬ ಸನ್ನಡತೆಯ ಪ್ರಮಾಣಪತ್ರ ಕೇಳುವುದುಂಟು. ಮೊದಲ ದಿನವೇ, ನಿಧಾನವಾಗಿಯಾದರೂ ಸರಿ, ನನ್ನೊಡನೆ ಡಚ್‌ನಲ್ಲೇ ಮಾತಾಡಿ ಎಂದು ಕೇಳಿಕೊಳ್ಳಿ. ಇಲ್ಲವಾದರೆ ಅವರು ಸೌಜನ್ಯಕ್ಕೇ ಇಂಗ್ಲಿಷಿಗೆ ಹೊರಳುತ್ತಾರೆ. ಹೊಲಿಗೆ ಬಲ್ಲವರಾದರೆ ಇಲ್ಲೇ ತಿಳಿಸಿ. ನಮ್ಮ ಮೇಜಿನಲ್ಲಿ ಎರಡು ಯಂತ್ರಗಳಿವೆ, ಹೊಲಿಯುವವಳು ಸದ್ಯಕ್ಕೆ ನಾನೊಬ್ಬಳೇ.