ಕೋವಿ ಚೀಲ ಹೊಲಿಯಲು ಹೊರಟವರಿಗೆ

ಹೋದ ತಿಂಗಳು ಇಲ್ಲಿ ಹಳೇ ಕೇಪಿನ ಕೋವಿಯ (ಸಣ್ಣ ಕೇಪು ಸಿಡಿಸಿ ಮದ್ದಿಗೆ ಬೆಂಕಿ ಕೊಡುವ ಕೋವಿ) ಜೊತೆ ಗೋಡೆಗೆ ನೇತುಬೀಳುತ್ತಿದ್ದ, ಗುಂಡು ಸಲಕರಣೆ ಇಡುವ ಚರ್ಮದ ಚೀಲದ ಬಗ್ಗೆ ಸುಮ್ನೆ ನಾಲ್ಕು ಸಾಲು ಬರೆದಿದ್ದೆ. ಪತ್ರಗಳು ಬಂದಿವೆ, ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ. ಎಲ್ಲದಕ್ಕೂ ಉತ್ತರಿಸಲು ಜಾಗ ಸಾಲದು, ಐದನ್ನು ತೆಗೆದುಕೊಂಡಿದ್ದೇನೆ.

ಸರ್, ನಮ್ಮ ಅಳಿಯ ಪೆನ್ಸಿಲ್ವೇನಿಯಾದಲ್ಲಿದ್ದಾನೆ. ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಮಾದರಿ ಕೋವಿಯಲ್ಲಿ ಗುರಿ ಹೊಡೆಯುವ ಹುಚ್ಚು ಅವನಿಗೆ. ಆ ಕಾಲದ ಥರದ್ದೇ ಚೀಲ ನನ್ನ ಕೈಯಾರೆ ಹೊಲಿದು ಕಳಿಸಬೇಕು. ಎಷ್ಟು ದೊಡ್ಡದು, ಯಾವ ಚರ್ಮ? – ಮೂಡಿಗೆರೆಯ ಓದುಗರು

ಚಿಕ್ಕದು ಮಾಡಿ. ನಿಮ್ಮ ಮನಸ್ಸಲ್ಲಿರುವುದಕ್ಕಿಂತ ಇನ್ನೂ ಚಿಕ್ಕದು. ನನ್ನ ಮೊದಲ ಚೀಲ ಪೋಸ್ಟ್‌ಮ್ಯಾನ್ ಚೀಲದಷ್ಟಿತ್ತು, ಒಂದು ಗುಂಡು ಬೇಕೆಂದರೆ ಮೊಣಕೈವರೆಗೂ ಕೈ ಇಳಿಸಿ ತಡಕಾಡಬೇಕಿತ್ತು. 8 ಇಂಚು ಅಗಲ, 8 ಇಂಚು ಎತ್ತರ ಧಾರಾಳ ಸಾಕು. ಒಳಗೆ ಹೋಗುವುದಾದರೂ ಏನು? ಹತ್ತಿಪ್ಪತ್ತು ಸೀಸದ ಗುಂಡು, ಗುಂಡಿಗೆ ಸುತ್ತುವ ಎಣ್ಣೆಬಟ್ಟೆ, ಕಿಡಿ ಹಾರಿಸಲು ಒಂದೆರಡು ಚಕಮಕಿ ಕಲ್ಲು, ಕಿಡಿ ಒಳಗೆ ಹೋಗುವ ತೂತು ಬಿಡಿಸಲು ತಂತಿ, ಮದ್ದು ಅಳೆಯುವ ಸಣ್ಣ ಕೊಳವೆ. ಮದ್ದು ಮಾತ್ರ ಚೀಲದೊಳಗೆ ಇರುವುದಿಲ್ಲ. ಅದು ಬೇರೆಯಾಗಿ ಟೊಳ್ಳಾದ ದನದ ಕೊಂಬಿನಲ್ಲಿರುತ್ತದೆ, ಕೊಂಬಿಗೆ ನೀರು ಇಳಿಯಲ್ಲ, ಕಿಡಿಯೂ ಹಾರಲ್ಲ. ಅಳಿಯನಿಗೆ ಗೊತ್ತೇ ಇರುತ್ತದೆ, ಆದರೂ ಹೇಳಿಬಿಡಿ: ಕೊಂಬಿನಿಂದ ನೇರವಾಗಿ ನಳಿಗೆಗೆ ಸುರಿಯಬಾರದು. ಹಿಂದಿನ ಈಡಿನ ಕೆಂಡದ ಚೂರು ಒಳಗೆ ಉಳಿದಿದ್ದರೆ ಕೊಂಬೇ ಕೈಯಲ್ಲಿ ಸಿಡಿಯುತ್ತದೆ. ಅದಕ್ಕೇ ಆ ಅಳತೆ ಕೊಳವೆ.

ಬಲಗೈಯವರಾದರೆ ಪಟ್ಟಿ ಎಡ ಹೆಗಲ ಮೇಲೆ, ಚೀಲ ಬಲಕ್ಕೆ. ಚೀಲದ ಬಾಯಿ ಮೊಣಕೈ ಹತ್ತಿರ ಬರಬೇಕು. ಸೊಂಟದ ಕೆಳಗೆ ಇಳಿಬಿಟ್ಟರೆ ನಡೆಯುವಾಗ ತೊಡೆಗೆ ಬಡಿಯುತ್ತಾ ಇರುತ್ತದೆ. ಅಳಿಯನ ಕೈಲಿ ಒಂದು ಹಗ್ಗ ಹಾಕಿಸಿ ಅಳತೆ ತರಿಸಿಕೊಳ್ಳಿ.

ಚರ್ಮದ ವಿಷಯಕ್ಕೆ ಬರೋಣ. ಅಮೆರಿಕದವರು ಜಿಂಕೆ ಚರ್ಮ ಬಳಸುತ್ತಾರೆ, ನೀವು ಅದರ ತಂಟೆಗೆ ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಅಟ್ಟದ ಮೇಲೆ ಅಜ್ಜನ ಕಾಲದ್ದು ಬಿದ್ದಿದೆ ಅಂತ ಅದಕ್ಕೆ ಕತ್ತರಿ ಹಾಕಿದರೆ ಫಜೀತಿ. ಎಮ್ಮೆ ಚರ್ಮ ಒಂದೂವರೆಯಿಂದ ಎರಡು ಮಿಲಿಮೀಟರ್ ದಪ್ಪದ್ದು ಮೈಗೆ, ಒಳಜೇಬಿಗೆ ಮೇಕೆ ಚರ್ಮ. ಆದರೆ ತೊಗಟೆಯಲ್ಲಿ ಹದ ಮಾಡಿದ್ದೇ ಆಗಬೇಕು, ನಮ್ಮ ಕಡೆ ಹಿಂದೆ ತಂಗಡಿ ಗಿಡದ ಚಕ್ಕೆಯಲ್ಲಿ ಮಾಡುತ್ತಿದ್ದರಲ್ಲ, ಆ ಥರ. ಅಂಗಡಿಯಲ್ಲಿ ಕತ್ತರಿಸಿದ ಅಂಚು ನೋಡಿ. ನೀಲಿ ಬೂದು ಬಣ್ಣ ಕಂಡರೆ ಅದು ತೊಗಟೆಯ ಬದಲು ಕ್ರೋಮ್ ಲವಣದಲ್ಲಿ ಹದ ಮಾಡಿದ ಚರ್ಮ, ಬಿಟ್ಟುಬಿಡಿ.

ಮೆಷಿನ್‌ನಲ್ಲಿ ಹೊಲಿದರೆ ಆಗಲ್ವಾ? – ಹಾಸನದಿಂದ ಒಬ್ಬ ಟೈಲರ್

ಆಗುತ್ತದೆ, ಬೇಗನೂ ಆಗುತ್ತದೆ. ಆದರೆ ಮೆಷಿನ್ ಹೊಲಿಗೆಯಲ್ಲಿ ಮೇಲಿನ ದಾರ ಮೇಲೆ, ಕೆಳಗಿನದು ಕೆಳಗೆ, ನಡುವೆ ಕೊಂಡಿ ಅಷ್ಟೇ, ನಿಮಗೆ ನಾನು ಹೇಳಬೇಕಾ! ಒಂದು ಸವೆದರೆ ಇನ್ನೊಂದೂ ಬಿಚ್ಚಿಕೊಳ್ಳುತ್ತದೆ. ಕೈ ಹೊಲಿಗೆಗೆ ದಾರ ಒಂದೇ, ಎರಡು ತುದಿಗೂ ಸೂಜಿ. ಆರೆಯಿಂದ ತೂತು ಚುಚ್ಚಿ, ಅದೇ ತೂತಿಗೆ ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ಸೂಜಿ ದಾಟಿಸಿ ಎರಡೂ ಕೈಯಲ್ಲಿ ಬಿಗಿಯಾಗಿ ಎಳೆಯಬೇಕು. ಒಂದು ಕಡೆ ತುಂಡಾದರೂ ಇನ್ನೊಂದು ಹಿಡಿದುಕೊಂಡಿರುತ್ತದೆ. ಇಂಚಿಗೆ ಏಳೆಂಟು ಹೊಲಿಗೆ. ದಾರ ಹೊಲಿಗೆಯ ಉದ್ದದ ನಾಲ್ಕು ಪಟ್ಟು ತೆಗೆದುಕೊಳ್ಳಿ, ಜೇನುಮೇಣದ ಗಡ್ಡೆಯ ಮೇಲೆ ಮೂರು ನಾಲ್ಕು ಸಲ ಎಳೆದರೆ ಬೆರಳಿಗೆ ಅಂಟುವ ಹಾಗಾಗುತ್ತದೆ, ಆಗ ಶುರು ಮಾಡಿ. ಚೀಲವನ್ನು ಒಳಮೈ ಹೊರಗೆ ಮಾಡಿ ಹೊಲಿಯಬೇಕು, ಎರಡು ಚರ್ಮದ ನಡುವೆ ಒಂದು ತೆಳು ಚರ್ಮದ ಪಟ್ಟಿ ಸೇರಿಸಿ. ಆಮೇಲೆ ನೀರಲ್ಲಿ ಸ್ವಲ್ಪ ನೆನೆಸಿ ತಿರುವಿ ಹಾಕಿ. ತಿರುವುವಾಗ ಮೂಲೆ ಹಟ ಮಾಡುತ್ತದೆ, ಸೌಟಿನ ಹಿಡಿಯಿಂದ ತಳ್ಳಿ.

ಪೇಂಟ್ ಬಳಿಯದೆ ಕಪ್ಪು ಬಣ್ಣ ಬರಿಸುವುದು ಹೇಗೆ? – ಸಕಲೇಶಪುರದಿಂದ

ತುಕ್ಕು ಹಿಡಿದ ಮೊಳೆಗಳನ್ನು ವಿನೆಗರ್‌ನಲ್ಲಿ ಹಾಕಿ ಒಂದೆರಡು ವಾರ ಬಿಡಿ. ಮುಚ್ಚಳ ಸಡಿಲ ಇರಲಿ, ಒಳಗೆ ಗ್ಯಾಸ್ ಹುಟ್ಟುತ್ತದೆ. ಸೋಸಿ ಚರ್ಮಕ್ಕೆ ಹಚ್ಚಿ. ಕಣ್ಣೆದುರೇ ಮೊದಲು ಬೂದು, ಆಮೇಲೆ ಕಡು ಕಪ್ಪು. ತೊಗಟೆಯ ಒಗರಿಗೂ ಕಬ್ಬಿಣಕ್ಕೂ ಆಗುವ ಕೆಲಸ ಇದು, ಅಳಲೆಕಾಯಿ ಮಸಿಯ ಗುಟ್ಟೂ ಇದೇ. ಬಣ್ಣ ಮಂಕಾಗಿ ಬಂದರೆ ಅಳಲೆಕಾಯಿ ಕಷಾಯ ಬಳಿದು ಒಣಗಿಸಿ ಇನ್ನೊಂದು ಸಲ ಹಚ್ಚಿ. ಕೊನೆಗೆ ಅಡುಗೆ ಸೋಡಾ ನೀರಲ್ಲಿ ತೊಳೆಯುವುದನ್ನು ಮರೆಯಬೇಡಿ. ನಾನು ಮರೆತಿದ್ದೆ. ಹುಳಿ ವಾಸನೆ ವಾರಗಟ್ಟಲೆ ಹೋಗಲಿಲ್ಲ, ನಮ್ಮ ಮನೆಯವಳು ಚೀಲವನ್ನು ಕೊಟ್ಟಿಗೆಗೆ ಸಾಗಿಸಿದಳು.

ಮಳೆಗಾಲಕ್ಕೆ ಚರ್ಮವೆಲ್ಲ ಬೂಷ್ಟು ಹಿಡಿಯುತ್ತೆ ಸರ್, ಏನು ಮಾಡೋದು? – ಕೊಪ್ಪದಿಂದ

ಮಲೆನಾಡಲ್ಲಿ ಇದಕ್ಕೆ ಪೂರ್ತಿ ಮದ್ದಿಲ್ಲ. ಬೀರುವಿನಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ. ಗಾಳಿ ಆಡುವ ಕಡೆ ನೇತುಹಾಕಿ, ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿ. ಒಲೆ ಮೇಲೆ ಮಾತ್ರ ಬೇಡ, ಒಣಗಿದ ಹಪ್ಪಳದ ಹಾಗೆ ಸೆಟೆದು ಬಿರುಕು ಬಿಡುತ್ತದೆ. ಹಿತ್ತಾಳೆ ಸಾಮಾನು ಒಳಗಿದ್ದರೆ ತೆಗೆದಿಡಿ, ತೊಗಟೆಯಲ್ಲಿ ಹದ ಮಾಡಿದ ಚರ್ಮಕ್ಕೆ ತಗುಲಿದ ಹಿತ್ತಾಳೆಗೆ ಹಸಿರು ಕಿಲುಬು ಗ್ಯಾರಂಟಿ.

ಚೀಲಕ್ಕೂ ಲೈಸೆನ್ಸ್ ಬೇಕಾ? – ಅರಸೀಕೆರೆಯಿಂದ, ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ

ಬೇಡ. ಕೋವಿಗೆ ಬೇಕು, ಕೇಪಿನದಾದರೂ ಸರಿ, 1959ರ ಶಸ್ತ್ರಾಸ್ತ್ರ ಕಾಯ್ದೆ ಅದಕ್ಕೂ ಅನ್ವಯಿಸುತ್ತದೆ. ಎಲೆಕ್ಷನ್ ಬಂದಾಗ ಕೋವಿ ಹೋಗಿ ಸ್ಟೇಷನ್‌ನಲ್ಲಿ ಕೂರುತ್ತದೆ, ಚೀಲ ಮನೆಯಲ್ಲೇ ಇರುತ್ತದೆ ಅಲ್ವಾ? ಆಗ ಇಳಿಸಿ, ಜೇನುಮೇಣ ಕರಗಿಸಿ ಹರಳೆಣ್ಣೆ ಬೆರೆಸಿ ಹಚ್ಚಿಡಿ.