ವಕೀಲರು ಬೇಕಾ ಅಂತ ಕೇಳಿದ ತಂಗಿಗೆ

ನಿನ್ನ ಪ್ರಶ್ನೆ ಓದಿದೆ. ಅಮೆರಿಕದ ಪ್ರಜೆಯನ್ನು ಮದುವೆಯಾಗಲು ಬರುವವರಿಗೆ ಕೊಡುವ ಕೆ-1 ವೀಸಾದಲ್ಲಿ ಹೋದ ತಿಂಗಳು ಒಹಾಯೋಗೆ ಬಂದಿದ್ದೀಯ. 90 ದಿನದೊಳಗೆ ಮದುವೆ, ಆಮೇಲೆ ಗ್ರೀನ್ ಕಾರ್ಡಿಗೆ ಅರ್ಜಿ. ‘ಬರೀ ಫಾರ್ಮ್ ತಾನೇ, ನಾವೇ ತುಂಬೋಣ’ ಅನ್ನುತ್ತಾನೆ ಹುಡುಗ. ವಕೀಲರನ್ನೇ ಇಡಿ ಅನ್ನುತ್ತಾರೆ ಅವನ ತಾಯಿ. ‘ದುಡ್ಡು ಹೋದರೆ ಹೋಗಲಿ, ಕೆಲಸ ಸುಸೂತ್ರವಾಗಲಿ’ ಅಂತ ನಿನ್ನ ಅಮ್ಮ ಫೋನಿನಲ್ಲಿ. ಯಾರ ಮಾತು ಕೇಳಲಿ ಅಂತ ನೀನು. ಜೊತೆಗೆ ಚಳಿಯ ಬಟ್ಟೆ, ಮಿಕ್ಸಿ, ಡ್ರೈವಿಂಗ್ ಅಂತ ಇನ್ನೂ ನಾಲ್ಕು ಪ್ರಶ್ನೆ. ನಾನೂ ಅದೇ ವೀಸಾದಲ್ಲಿ ಬಂದವಳು, ವಯಸ್ಸಿನಲ್ಲಿ ನಿನಗಿಂತ ತುಂಬಾ ದೊಡ್ಡವಳು. ‘ನೀನು’ ಅಂತಲೇ ಬರೆಯುತ್ತೇನೆ, ಬೇಜಾರಿಲ್ಲ ಅಲ್ವಾ?

ಸಣ್ಣವನ್ನು ಮೊದಲು ಮುಗಿಸುತ್ತೇನೆ. ಚಳಿಯ ಬಟ್ಟೆ ಅಲ್ಲೇ ತಗೋ, ಊರಿಂದ ತರಿಸಿದ ಸ್ವೆಟರ್ ಏನಕ್ಕೂ ಸಾಲದು. ಮಿಕ್ಸಿ ತರಿಸಬೇಡ. ಇಲ್ಲಿನ ಕರೆಂಟು 120 ವೋಲ್ಟು, ಊರಿನದು ಸರಿಯಾಗಿ ಓಡುವುದಿಲ್ಲ. ಇಲ್ಲಿಗೆ ಹೊಂದುವ ನಮ್ಮ ಮಿಕ್ಸಿಗಳು ಇಂಡಿಯನ್ ಅಂಗಡಿಯಲ್ಲಿ ಸಿಗುತ್ತವೆ. ಡ್ರೈವಿಂಗ್ ಬೇಗ ಕಲಿ. ಸೋಶಿಯಲ್ ಸೆಕ್ಯುರಿಟಿ ನಂಬರಿಗೆ ಈ ವಾರವೇ ಹೋಗಿ ಅರ್ಜಿ ಹಾಕು. ನಿನ್ನ ಐ-94, ಅಂದರೆ ಎಲ್ಲಿಯವರೆಗೆ ಇಲ್ಲಿರಬಹುದು ಅಂತ ತೋರಿಸುವ ದಾಖಲೆ, ಮುಗಿಯುವ ಹೊತ್ತಿಗೆ ಹೋದರೆ ಸುಮ್ನೆ ವಾಪಸ್ ಕಳಿಸುತ್ತಾರೆ.

ಇನ್ನು ವಕೀಲರ ವಿಷಯ. ಇಬ್ಬರಿಗೂ ಇದೇ ಮೊದಲ ಮದುವೆ, ನಿನಗೆ ಹಿಂದೆ ಯಾವ ವೀಸಾವೂ ತಿರಸ್ಕಾರವಾಗಿಲ್ಲ, ಪೊಲೀಸ್ ಕೇಸಿಲ್ಲ, ಹುಡುಗನಿಗೆ ಸರಿಯಾದ ಸಂಬಳವಿದೆ ಅಂತ ಬರೆದಿದ್ದೀಯ. ಹಾಗಿದ್ದರೆ ಫಾರ್ಮ್ ತುಂಬಲು ಸಾವಿರಾರು ಡಾಲರ್ ಕೊಡಬೇಕಾಗಿಲ್ಲ. ಫಾರ್ಮ್‌ಗಳೆಲ್ಲ ಇಲ್ಲಿನ ವಲಸೆ ಇಲಾಖೆ ಯುಎಸ್‌ಸಿಐಎಸ್‌ನ ವೆಬ್‌ಸೈಟಿನಲ್ಲಿ ಪುಕ್ಕಟೆ ಇವೆ, ಪ್ರತಿಯೊಂದರ ಜೊತೆ ಸೂಚನೆಯೂ ಇದೆ. ಎರಡು ಭಾನುವಾರ ಕೂತರೆ ಮುಗಿಯುವ ಕೆಲಸ. ನನ್ನ ಮೊದಲ ಗ್ರೀನ್ ಕಾರ್ಡಿಗೆ ವಕೀಲರಿದ್ದರು. ಅದು 2 ವರ್ಷದ ಷರತ್ತಿನ ಕಾರ್ಡು, ನಿನಗೂ ಅದೇ ಬರುತ್ತದೆ. ಷರತ್ತು ತೆಗೆಸುವ ಐ-751, ಆಮೇಲೆ ಪೌರತ್ವದ ಎನ್-400, ಎರಡನ್ನೂ ನಾನೇ ಊಟದ ಮೇಜಿನ ಮೇಲೆ ಹರಡಿಕೊಂಡು ತುಂಬಿದೆ. ಒಂದು ಪ್ರಶ್ನೆಯೂ ವಾಪಸ್ ಬರಲಿಲ್ಲ. ಜಂಬ ಅನ್ನಿಸಿದರೆ ಅನ್ನಿಸಲಿ.

ಆದರೆ ಇತಿಹಾಸದಲ್ಲಿ ಗಂಟಿದ್ದರೆ ಮಾತೇ ಬೇರೆ. ಹಳೆಯ ವಿಚ್ಛೇದನ, ವೀಸಾ ಮುಗಿದ ಮೇಲೂ ಉಳಿದದ್ದು, ಎಂದೋ ಅರ್ಜಿಯಲ್ಲಿ ಬರೆದ ಸುಳ್ಳು, ಸಣ್ಣದಾದರೂ ಒಂದು ಅರೆಸ್ಟ್. ಇಂಥ ಕಡೆ ವಕೀಲರಿಲ್ಲದೆ ಒಂದು ಹೆಜ್ಜೆಯೂ ಇಡಬಾರದು. ಗೊತ್ತಿಲ್ಲದೆ ಎಲ್ಲೋ ‘ನಾನು ಅಮೆರಿಕದ ಪ್ರಜೆ’ ಅಂತ ಟಿಕ್ ಹಾಕಿದವರ ಕಥೆ ಕೇಳಿದ್ದೇನೆ. ಲೈಸೆನ್ಸ್ ಮಾಡಿಸುವಾಗ ಮತದಾರರ ಪಟ್ಟಿಗೆ ಸೇರುತ್ತೀರಾ ಅಂತ ಕೇಳುತ್ತಾರೆ. ಬೇಡ ಅನ್ನು. ಅದೊಂದು ಟಿಕ್ ಜೀವನಪೂರ್ತಿ ಕಾಡುತ್ತದೆ.

ನಮ್ಮ ಕಡೆಯ ಅಭ್ಯಾಸ ನಿನಗೆ ಗೊತ್ತೇ ಇದೆ. ಆರ್‌ಟಿಓ ಆಗಲಿ, ಸಬ್ ರಿಜಿಸ್ಟ್ರಾರ್ ಕಚೇರಿ ಆಗಲಿ, ಒಬ್ಬ ಏಜೆಂಟ್ ಪೆನ್ಸಿಲಿನಲ್ಲಿ ಗುರುತು ಹಾಕಿದ ಕಡೆಯಲ್ಲೆಲ್ಲ ಸಹಿ ಮಾಡಿ ಬರುತ್ತೇವೆ. ಇಲ್ಲಿ ಆ ಬುದ್ಧಿ ಬಿಡು. ಯಾರು ತುಂಬಿಕೊಟ್ಟರೂ ಸಹಿ ನಿನ್ನದು, ತಪ್ಪಿದ್ದರೆ ಕೇಳುವುದು ನಿನ್ನನ್ನು. ಕನ್ಸಲ್ಟೆಂಟ್ ಅಂತ ಬೋರ್ಡು ಹಾಕಿಕೊಂಡವರ ಹತ್ತಿರ ಹೋಗಲೇಬೇಡ. ನೋಟರಿಗಳೂ ಇಲ್ಲಿ ವಕೀಲರಲ್ಲ, ಸಹಿಗೆ ಸಾಕ್ಷಿ ಹಾಕುವವರು ಅಷ್ಟೇ. ಕಾನೂನಿನ ಸಲಹೆ ಕೊಡಬಹುದಾದವರು ಲೈಸೆನ್ಸ್ ಇರುವ ವಕೀಲರು, ಇಲ್ಲವೇ ನ್ಯಾಯ ಇಲಾಖೆಯ ಮಾನ್ಯತೆ ಇರುವ ಪ್ರತಿನಿಧಿಗಳು ಮಾತ್ರ. ವಕೀಲರ ಹೆಸರು ಆಯಾ ರಾಜ್ಯದ ಪಟ್ಟಿಯಲ್ಲಿದೆಯಾ ಅಂತ ಇಂಟರ್ನೆಟ್ಟಿನಲ್ಲೇ ನೋಡಬಹುದು.

ವಕೀಲರಿದ್ದೂ ನನಗೇನಾಯಿತು ಅನ್ನುವುದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು. ನಾನು ಶಿರಸಿಯಿಂದ ಮಿನೆಸೋಟಕ್ಕೆ ಬಂದದ್ದು 2012ರ ಜನವರಿಯಲ್ಲಿ. ಗಂಡನ ಮನೆಯವರಿಗೆ ಗೊತ್ತಿದ್ದ ವಕೀಲರೊಬ್ಬರಿದ್ದರು. ಮನೆ-ಆಸ್ತಿ ಪತ್ರ ನೋಡುವವರು, ನಡುನಡುವೆ ಇದನ್ನೂ ಮಾಡುತ್ತಿದ್ದರು. ಗ್ರೀನ್ ಕಾರ್ಡಿನ ಅರ್ಜಿ ಐ-485 ಹಾಕಿದರು, ಕೆಲಸದ ಪರವಾನಗಿಯ ಐ-765 ಹಾಕಿದರು. ಐ-131 ಹಾಕಲಿಲ್ಲ. ಗ್ರೀನ್ ಕಾರ್ಡ್ ಕೈಗೆ ಬರುವ ಮೊದಲು ದೇಶ ಬಿಟ್ಟು ಹೋಗಿ ವಾಪಸ್ ಬರಲು ಬೇಕಾದ ಕಾಗದ ಅದು, ಅಡ್ವಾನ್ಸ್ ಪೆರೋಲ್ ಅನ್ನುತ್ತಾರೆ. ಅದಿಲ್ಲದೆ ನಮ್ಮಂಥವರು ವಿಮಾನ ಹತ್ತಿದರೆ ಅರ್ಜಿಯನ್ನೇ ಕೈಬಿಟ್ಟಂತೆ ಲೆಕ್ಕ. ಆಗ ಅದಕ್ಕೆ ಬೇರೆ ಶುಲ್ಕವೇ ಇರಲಿಲ್ಲ, ಐ-485ರ ದುಡ್ಡಿನಲ್ಲೇ ಸೇರಿತ್ತು. ಒಂದು ಫಾರ್ಮ್ ಜಾಸ್ತಿ ಇಟ್ಟಿದ್ದರೆ ಸಾಕಿತ್ತು. ಊರಿಗೆ ಹೋಗುವುದು ಇದೆಯೇನಮ್ಮಾ ಅಂತ ಯಾರೂ ಕೇಳಲಿಲ್ಲ.

ಅಷ್ಟರಲ್ಲಿ ಊರಿನಲ್ಲಿ ನನ್ನ ತಂಗಿಯ ಮದುವೆ ನಿಶ್ಚಯವಾಯಿತು. ವೈಶಾಖದಲ್ಲಿ ಮುಹೂರ್ತ. ವಿಷಯ ತಿಳಿದ ಮೇಲೆ ಐ-131 ಹಾಕಿದೆವು, ಕೈಗೆ ಬಂದದ್ದು ಮದುವೆಯೆಲ್ಲ ಮುಗಿದ ಮೇಲೆ. ಮನೆಯಲ್ಲಿ ಸಾವು, ತೀವ್ರ ಕಾಯಿಲೆ ಅಂದರೆ ತುರ್ತಾಗಿ ಕೇಳುವ ದಾರಿ ಉಂಟು. ತಂಗಿಯ ಮದುವೆ ಅವರ ಲೆಕ್ಕದಲ್ಲಿ ತುರ್ತಲ್ಲ.

ಹೋಗಲಾಗಲಿಲ್ಲ ಅನ್ನುವುದಕ್ಕಿಂತ ಜಾಸ್ತಿ ಚುಚ್ಚಿದ್ದು ಚಪ್ಪರದಲ್ಲಿ ನಡೆದ ಮಾತು. ‘ದೊಡ್ಡವಳು ಜಾತಿ ಬಿಟ್ಟು, ದೇಶ ಬಿಟ್ಟು ಮದುವೆಯಾದಳಲ್ಲ, ಇವರು ಕರೆದೇ ಇಲ್ಲವಂತೆ’ ಅಂತ. ನನ್ನ ಮದುವೆಗಾಗಿ ಒಡಹುಟ್ಟಿದವರ ಜೊತೆಯೇ ಜಗಳ ಆಡಿದ್ದರು ಅಪ್ಪ. ಪಂಕ್ತಿಯಲ್ಲಿ ಕೂತವರಿಗೆಲ್ಲ ‘ಅವಳಿಗೆ ಬರಲು ಪರವಾನಗಿ ಸಿಕ್ಕಿಲ್ಲ’ ಅಂತ ವಿವರಿಸಿದರಂತೆ. ಮದುವೆಯಾಗಿ ಹೋದ ಹೆಣ್ಣುಮಗಳು ತವರಿಗೆ ಬರಲು ಸರ್ಕಾರದ ಪರವಾನಗಿ ಬೇಕು ಅಂದರೆ ಯಾರು ನಂಬುತ್ತಾರೆ? ಇವತ್ತಿಗೂ ಕೆಲವರು ನಂಬಿಲ್ಲ. ತಂಗಿ ಮಾತ್ರ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು ಅಂತ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಅಣ್ಣನಿಗೆ ಹೆಣ್ಣು ನೋಡುತ್ತಿದ್ದಾರೆ ಅಂತ ನೀನು ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ಇಷ್ಟೆಲ್ಲ ಬರೆದದ್ದು ಅದಕ್ಕೇ. 2024ರ ಏಪ್ರಿಲ್‌ನಲ್ಲಿ ಶುಲ್ಕ ಏರಿಸಿದಾಗ ಇವನ್ನೆಲ್ಲ ಬೇರೆ ಬೇರೆ ಮಾಡಿದರು. ಐ-485ಕ್ಕೆ 1,440 ಡಾಲರ್, ಅದರ ಜೊತೆಗಿನ ಐ-765ಕ್ಕೆ 260, ಐ-131ಕ್ಕೆ 630. ಹೊಸ ಸಂಸಾರದಲ್ಲಿ 630 ಉಳಿಸೋಣ ಅಂತ ಕೊನೆಯದನ್ನೇ ಬಿಡುವವರು ಇದ್ದಾರೆ. ನೀನು ಬಿಡಬೇಡ. ಮೂರನ್ನೂ ಒಟ್ಟಿಗೆ ಕಳಿಸು. ಕಳಿಸುವ ದಿನ ಶುಲ್ಕ ಎಷ್ಟಿದೆ ಅಂತ ಒಮ್ಮೆ ನೋಡಿಕೋ. ಹಾಕಿದ ಮೇಲೂ ಕಾಗದ ಕೈಗೆ ಬರುವ ತನಕ ಟಿಕೆಟ್ ಮಾಡಿಸಬೇಡ. ಮುಹೂರ್ತ ಇಡುವ ಮೊದಲು ನಿನ್ನನ್ನೊಂದು ಮಾತು ಕೇಳಲಿ ಅಂತ ಅಪ್ಪ ಅಮ್ಮನಿಗೆ ಈಗಲೇ ಹೇಳಿಡು.

ಹಾಗಾಗಿ ನನ್ನ ಮಾತು ಇಷ್ಟು. ಫಾರ್ಮ್ ನೀವೇ ತುಂಬಿ. ಕಳಿಸುವ ಮೊದಲು ವಲಸೆ ಕೆಲಸವನ್ನೇ ಮಾಡುವ ವಕೀಲರ ಒಂದು ಗಂಟೆ ಮಾತ್ರ ದುಡ್ಡು ಕೊಟ್ಟು ತಗೋ. ತುಂಬಿದ ಕಟ್ಟನ್ನು ಅವರ ಮುಂದೆ ಇಟ್ಟು ನೋಡಿಸು. ಅತ್ತೆಗೂ ಅಮ್ಮನಿಗೂ ಸಮಾಧಾನವಾಗುತ್ತದೆ. ಊರಿನಲ್ಲಿ ಈ ವರ್ಷ ಏನೇನಿದೆ ಅನ್ನುವುದನ್ನು ಅವರು ಕೇಳುವುದಿಲ್ಲ, ನೀನೇ ಹೇಳಬೇಕು.

ಹೆಸರಿನ ಕಡೆ ಗಮನ ಕೊಡು. ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದ ಊರು, ಅಪ್ಪನ ಹೆಸರು. ಇತರ ಹೆಸರುಗಳು ಅನ್ನುವ ಜಾಗದಲ್ಲಿ ಎಲ್ಲ ರೂಪವನ್ನೂ ಬರೆ. ವಕೀಲರು ಹಾಕಿದ ನನ್ನ ಮೊದಲ ಅರ್ಜಿಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದರಿಂದ ವಿವರಣೆ ಕೇಳಿ ಪತ್ರ ಬಂತು. ನಿನ್ನ ಖರ್ಚಿಗೆ ನಾನು ಹೊಣೆ ಅಂತ ಹುಡುಗ ಬರೆದುಕೊಡುವ ಐ-864ರಲ್ಲಿ ಅವನ ವರಮಾನ ಇಲ್ಲಿನ ಬಡತನ ರೇಖೆಯ ಶೇಕಡ 125ಕ್ಕೆ ಕಡಿಮೆ ಇರಬಾರದು. ಕಡಿಮೆ ಇದ್ದರೆ ಮಾವನವರ ಸಹಿ ಕೇಳಬೇಕಾಗುತ್ತದೆ. ಬಂದ ಹೊಸದರಲ್ಲಿ ಅವರ ತೆರಿಗೆ ಕಾಗದ ಕೇಳಲು ನಮಗೆ ಸಂಕೋಚ. ಹುಡುಗನಿಂದಲೇ ಕೇಳಿಸು. ಮದುವೆಯ ಆಲ್ಬಮ್ಮಿಗಿಂತ ಇಬ್ಬರ ಹೆಸರಿರುವ ಬಾಡಿಗೆ ಕರಾರು, ಬ್ಯಾಂಕ್ ಖಾತೆ ಇಲ್ಲಿ ಜಾಸ್ತಿ ತೂಗುತ್ತದೆ.

ಜನನ ಪತ್ರ ಪಂಚಾಯಿತಿಯದು, ಕನ್ನಡದಲ್ಲಿದೆ ಅಂದೆಯಲ್ಲ. ಅದಕ್ಕೂ ದುಡ್ಡು ಸುರಿಯಬೇಡ. ಎರಡೂ ಭಾಷೆ ಬಲ್ಲವರು ಪೂರ್ತಿ ಅನುವಾದ ಮಾಡಿ, ಇದು ಸರಿಯಾಗಿದೆ, ನನಗೆ ಎರಡೂ ಭಾಷೆ ಬರುತ್ತದೆ ಅಂತ ಬರೆದು ಸಹಿ ಹಾಕಿದರೆ ಸಾಕು. ಫೋಟೋ ತೆಗೆದು ಕಳಿಸು. ಶನಿವಾರ ಮಾಡಿಕೊಡುತ್ತೇನೆ.