ಹಳೆಯ ಮೈಟರ್ ಸಾ ಗಾರ್ಡ್ ಕಟ್ಟಿಹಾಕಿ ಕೆಲಸ ಮಾಡಬಹುದಾ?

ನೀವು ಕೇಳಿರುವುದು ಇಷ್ಟು. ಮನೆಯಲ್ಲೇ ಫೋಟೋ ಫ್ರೇಮ್, ಬೀಡಿಂಗ್ ಕೆಲಸ ಮಾಡಲು ಸೆಕೆಂಡ್ ಹ್ಯಾಂಡ್ 10 ಇಂಚಿನ ಮೈಟರ್ ಸಾ, ಅಂದರೆ ಪಟ್ಟಿಯನ್ನು ಬೇಕಾದ ಕೋನಕ್ಕೆ ಅಡ್ಡ ಕೊಯ್ಯುವ ಮಷಿನ್, ತಗೊಂಡಿದ್ದೀರಿ. ಬ್ಲೇಡ್ ಮುಚ್ಚುವ ಕೆಳಗಿನ ಗಾರ್ಡ್ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಮಾರಿದವರು "ತಂತಿ ಹಾಕಿ ಮೇಲೆ ಕಟ್ಟಿಬಿಡಿ, ಎಲ್ಲರೂ ಹಾಗೇ ಮಾಡೋದು" ಅಂದಿದ್ದಾರೆ. 45 ಡಿಗ್ರಿ ಕೊಯ್ದರೂ ಮೂಲೆ ಕೂಡುತ್ತಿಲ್ಲ. ಅಲ್ಯೂಮಿನಿಯಂ ಕೂಡ ಇದರಲ್ಲೇ ಆಗುತ್ತದಾ ಅಂತಲೂ ಕೇಳಿದ್ದೀರಿ.

ಕಟ್ಟಬೇಡಿ. ಮಿಕ್ಕಿದ್ದನ್ನು ನಿಧಾನವಾಗಿ ನೋಡೋಣ.

ನಾನು ಬಾಗಿಲು, ಕಿಟಕಿ, ಫ್ರೇಮ್ ಕೆಲಸ ಮಾಡುವವನು. ನಮ್ಮ ಕಡೆ ಗಾರ್ಡ್ ಬಿಚ್ಚುವ ಚಾಳಿ ಎಲ್ಲಿಂದ ಬಂತು ಅಂತ ನನಗೆ ಅನ್ನಿಸುವುದು ಹೀಗೆ. ತುಂಬಾ ಜನ ಮೊದಲು ಕೈಗೆ ಹಿಡಿಯುವುದು 4 ಇಂಚಿನ ಮಾರ್ಬಲ್ ಕಟ್ಟರ್. ಕಲ್ಲು ಕೊಯ್ಯಲು ಮಾಡಿದ ಮಷಿನ್‌ಗೆ ಮರದ ಬ್ಲೇಡ್ ಹಾಕಿ, ಅಡ್ಡ ಬರುತ್ತದೆ ಅಂತ ಗಾರ್ಡ್ ಕಿತ್ತು, ಅದರಲ್ಲೇ ಪ್ಲೈವುಡ್ ಸೀಳುತ್ತಾರೆ. ಅಲ್ಲಿ ಅಭ್ಯಾಸವಾದ ಧೈರ್ಯ ದೊಡ್ಡ ಮಷಿನ್‌ಗೂ ಬರುತ್ತದೆ. 10 ಇಂಚಿನ, ಅಂದರೆ 255 ಮಿಮೀ ಬ್ಲೇಡ್ ನಿಮಿಷಕ್ಕೆ 4800 ಸುತ್ತು ತಿರುಗಿದರೆ ಹಲ್ಲಿನ ತುದಿ ಗಂಟೆಗೆ ಸುಮಾರು 230 ಕಿಮೀ ವೇಗದಲ್ಲಿ ಹೋಗುತ್ತಿರುತ್ತದೆ. ಸ್ವಿಚ್ ಬಿಟ್ಟ ಮೇಲೂ ಕೆಲವು ಸೆಕೆಂಡ್ ತಿರುಗುತ್ತದೆ. ಕೊಯ್ದ ತುಂಡನ್ನು ತೆಗೆಯೋಣ ಅಂತ ಕೈ ಹೋಗುವುದು ಸರಿಯಾಗಿ ಆ ಹೊತ್ತಿಗೇ. ಗಾರ್ಡ್ ಇರುವುದು ಆ ಕೆಲವು ಸೆಕೆಂಡಿಗೆ.

ಗಾರ್ಡ್ ಸಿಕ್ಕಿಕೊಳ್ಳಲು ಹೆಚ್ಚಿನ ಸಲ ಕಾರಣ ಕೊಳೆ. ಪ್ಲಗ್ ಕಿತ್ತು ಕೈಗೆಟುಕುವ ಜಾಗದಲ್ಲಿ, ಕಣ್ಣಿಗೆ ಕಾಣುವ ಹಾಗೆ ಇಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಮಷಿನ್ ತಲೆಯನ್ನು ನಿಧಾನವಾಗಿ ಕೆಳಗಿಳಿಸಿ, ಮೇಲೆತ್ತಿ. ಗಾರ್ಡ್ ಇಳಿಯುವಾಗ ತಾನಾಗಿ ಸರಿಯಬೇಕು, ಏರುವಾಗ ಒಂದೇ ಸಲಕ್ಕೆ ಬಂದು ಬ್ಲೇಡನ್ನು ಪೂರ್ತಿ ಮುಚ್ಚಬೇಕು. ಎಲ್ಲಿ ತಡೆಯುತ್ತದೆ ಅಂತ ನೋಡಿಕೊಳ್ಳಿ. ತಿರುಗುವ ಕೀಲಿನ ಸುತ್ತ ಹೊಟ್ಟು ಮತ್ತು ಮರದ ಅಂಟು ಸೇರಿ ಗಟ್ಟಿಯಾಗಿರುತ್ತದೆ. ಹಳೆಯ ಪೇಂಟ್ ಬ್ರಷ್‌ನಲ್ಲಿ ಉದುರಿಸಿ, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ. ಪ್ಲಾಸ್ಟಿಕ್ ಗಾರ್ಡ್‌ಗೆ ಥಿನ್ನರ್, ಪೆಟ್ರೋಲ್ ಮುಟ್ಟಿಸಬೇಡಿ. ಪಾರದರ್ಶಕ ಗಾರ್ಡ್ ಸಾಮಾನ್ಯವಾಗಿ ಪಾಲಿಕಾರ್ಬೊನೇಟ್‌ನದು, ಅಂಥ ದ್ರವ ತಾಗಿದರೆ ಮಂಕಾಗಿ ಬಿರುಕು ಬಿಡುತ್ತದೆ. ಕೀಲಿಗೆ ಎಣ್ಣೆ, ಗ್ರೀಸ್ ಕೂಡ ಬೇಡ. ಅದಕ್ಕೆ ಹೊಟ್ಟು ಮೆತ್ತಿಕೊಂಡು ಮೂರೇ ದಿನಕ್ಕೆ ಮತ್ತೆ ಅದೇ ಕಥೆ. ಒಣಗುವ ತರಹದ ಸಿಲಿಕೋನ್ ಅಥವಾ ಟೆಫ್ಲಾನ್ ಸ್ಪ್ರೇ ಸಿಗುತ್ತದೆ, ಬ್ಲೇಡ್‌ಗೆ ಹಾರದಂತೆ ಸ್ವಲ್ಪ ಹೊಡೆಯಿರಿ.

ಇಷ್ಟಾದರೂ ಬಿಗಿ ಇದ್ದರೆ ಸ್ಪ್ರಿಂಗ್ ನೋಡಿ. ತುಕ್ಕು ಹಿಡಿದಿರಬಹುದು, ಕೊಕ್ಕೆ ಕಳಚಿರಬಹುದು. ಗಾರ್ಡನ್ನು ಎಳೆಯುವ ಸಣ್ಣ ಪಟ್ಟಿಯ ಸ್ಕ್ರೂ ಜಾಸ್ತಿ ಬಿಗಿಯಾಗಿದ್ದರೂ ಹೀಗಾಗುತ್ತದೆ. ಗಾರ್ಡೇ ಬಾಗಿದ್ದರೆ, ಒಡೆದಿದ್ದರೆ ಸರ್ವಿಸ್ ಸೆಂಟರ್‌ನಲ್ಲಿ ಬಿಡಿಭಾಗ ಕೇಳಿ. ಅದು ಬರುವವರೆಗೆ ಮಷಿನ್ ಮುಚ್ಚಿಡಿ.

ಈಗ ಮೂಲೆ ಕೂಡದ ವಿಚಾರ. ಇದು ಅಂದದ ಪ್ರಶ್ನೆ ಅಂತ ನಿಮಗೆ ಅನ್ನಿಸಿರಬಹುದು. ನನಗೆ ಇದೂ ಅಪಾಯದ ಪ್ರಶ್ನೆಯೇ. ಮೂಲೆ ಕೂಡದಿದ್ದಾಗ ಜನ ಏನು ಮಾಡುತ್ತಾರೆ? ಕೊಯ್ದ ಪಟ್ಟಿಯನ್ನೇ ಮತ್ತೆ ಇಟ್ಟು ಕೂದಲೆಳೆಯಷ್ಟು ಸವರುತ್ತಾರೆ. ಮತ್ತೊಮ್ಮೆ ಸವರುತ್ತಾರೆ. ಪಟ್ಟಿ ಗಿಡ್ಡವಾಗುತ್ತಾ ಹೋಗುತ್ತದೆ, ಬೆರಳು ಬ್ಲೇಡ್ ಹತ್ತಿರ ಬರುತ್ತಾ ಹೋಗುತ್ತದೆ. ಮೊಂಡು ಬ್ಲೇಡ್‌ನದೂ ಹೀಗೇ: ಕೊಯ್ಯುವುದಿಲ್ಲ, ಅದಕ್ಕೇ ಒತ್ತುತ್ತೀರಿ, ಒತ್ತಿದಾಗ ಮರ ಜಾರುತ್ತದೆ. ಕೈ ಉಳಿಯಬೇಕಾದರೆ ಮೊದಲು ಮಷಿನ್ ನೆಟ್ಟಗಿರಬೇಕು.

ಫ್ರೇಮ್‌ಗೆ ನಾಲ್ಕು ಮೂಲೆ, ಎಂಟು ಕೊಯ್ತ. ಒಂದೊಂದರಲ್ಲಿ ಕಾಲು ಡಿಗ್ರಿ ತಪ್ಪಿದರೆ ಕೊನೆಯ ಮೂಲೆಯಲ್ಲಿ ಎಲ್ಲ ಸೇರಿ 2 ಡಿಗ್ರಿ ಬಾಯಿ ಬಿಡುತ್ತದೆ. ಅದಕ್ಕೇ ಮೂರು ಮೂಲೆ ಚೆನ್ನಾಗಿ ಕೂತು ನಾಲ್ಕನೆಯದು ಮಾನ ಕಳೆಯುವುದು. ಸ್ಕೇಲ್‌ನ ಗೆರೆ ನಂಬಬೇಡಿ. ಮೊದಲು ಸೊನ್ನೆ ಡಿಗ್ರಿ ಸರಿ ಮಾಡಿ. ಎರಡೂ ಅಂಚು ನೇರವಾಗಿ, ಒಂದಕ್ಕೊಂದು ಸಮವಾಗಿ ಇರುವ ನಾಲ್ಕು ಇಂಚು ಅಗಲದ ಹಲಗೆ ತಗೊಂಡು ನಡುವೆ ಕೊಯ್ಯಿರಿ. ಒಂದು ತುಂಡನ್ನು ಮಗುಚಿ ಹಾಕಿ, ಎರಡನ್ನೂ ಫೆನ್ಸ್‌ಗೆ (ಟೇಬಲ್ ಹಿಂದೆ ಪಟ್ಟಿ ಒರಗಿಸುವ ನೆಟ್ಟನೆಯ ಗೋಡೆಗೆ) ಒರಗಿಸಿ ಕೊಯ್ದ ಮುಖ ಕೂಡಿಸಿ. ಸಂದು ಕಾಣದಿದ್ದರೆ ಸರಿ. ಕಂಡರೆ ಅದು ನಿಜವಾದ ತಪ್ಪಿನ ಎರಡು ಪಟ್ಟು, ಆದ್ದರಿಂದ ಸಣ್ಣ ತಪ್ಪೂ ಕಣ್ಣಿಗೆ ಬೀಳುತ್ತದೆ.

ತಪ್ಪಿದ್ದರೆ ಪ್ಲಗ್ ಕಿತ್ತು, ತಲೆಯನ್ನು ಕೆಳಗೆ ಲಾಕ್ ಮಾಡಿ, ಫೆನ್ಸ್‌ನ ಬೋಲ್ಟ್ ಸಡಿಲ ಮಾಡಿ. ಮೂಲೆಮಟ್ಟದ ಒಂದು ಕೈ ಫೆನ್ಸ್‌ಗೆ, ಇನ್ನೊಂದು ಬ್ಲೇಡ್‌ನ ತಟ್ಟೆಗೆ ತಾಗಬೇಕು. ಹಲ್ಲಿಗೆ ತಾಗಿಸಬೇಡಿ, ಹಲ್ಲು ತಟ್ಟೆಗಿಂತ ಸ್ವಲ್ಪ ಹೊರಗೆ ಚಾಚಿರುತ್ತದೆ. ಹಾಗೇ ಹಿಡಿದು ಬೋಲ್ಟ್ ಬಿಗಿ ಮಾಡಿ. ಬ್ಲೇಡ್ ಟೇಬಲ್‌ಗೆ ಲಂಬವಾಗಿ ನಿಂತಿದೆಯಾ ಅಂತಲೂ ಅದೇ ಮೂಲೆಮಟ್ಟದಲ್ಲಿ ನೋಡಿ. ಅದಕ್ಕೆ ಹಿಂದೆ ಬೇರೆ ಸ್ಟಾಪ್ ಸ್ಕ್ರೂ ಇರುತ್ತದೆ. ಆಮೇಲೆ ಎರಡು ಚೂರು ಪಟ್ಟಿ 45ಕ್ಕೆ ಕೊಯ್ದು ಕೂಡಿಸಿ 90 ಬರುತ್ತದಾ ನೋಡಿ.

ಕೋನ ಸರಿ ಇದ್ದೂ ಮೂಲೆ ಕೂಡದೆ ಇರಬಹುದು. ಎದುರುಬದುರಿನ ಪಟ್ಟಿಗಳು ಒಂದೇ ಉದ್ದ ಇಲ್ಲದಿದ್ದರೆ ಯಾವ ಕೋನವೂ ಕಾಪಾಡುವುದಿಲ್ಲ. ಅಳತೆ ಟೇಪ್ ಬಿಟ್ಟು, ಟೇಬಲ್ ಮೇಲೆ ಒಂದು ಮರದ ತುಂಡನ್ನು ಸ್ಟಾಪ್ ಆಗಿ ಕಟ್ಟಿ, ಜೋಡಿ ಪಟ್ಟಿಗಳನ್ನು ಅದಕ್ಕೆ ತಾಗಿಸಿ ಕೊಯ್ಯಿರಿ. ಸ್ಟಾಪ್ ಮತ್ತು ಬ್ಲೇಡ್ ನಡುವೆ ಇರುವ ಪಟ್ಟಿಗೆ ಮಾತ್ರ ಕ್ಲ್ಯಾಂಪ್ ಇರಲೇಬೇಕು. ಸುಮ್ನೆ ಬಿಟ್ಟರೆ ಕೊಯ್ದು ಮುಗಿದ ಕ್ಷಣ ಓರೆಯಾಗಿ ಸಿಕ್ಕಿಕೊಂಡು ಹಾರುತ್ತದೆ.

ಅಂದ ಹಾಗೆ ಟೇಬಲ್‌ನಲ್ಲಿ 22.5 ಮತ್ತು 31.6ಕ್ಕೂ ಖಾಚು ಇರುತ್ತದೆ. 22.5 ಎಂಟು ಮೂಲೆಯ ಫ್ರೇಮ್‌ಗೆ. 31.6 ಸೀಲಿಂಗ್ ಅಂಚಿನ ಓರೆ ಮೋಲ್ಡಿಂಗ್‌ಗೆ. ನಿಮ್ಮ ಕೆಲಸಕ್ಕೆ ಎರಡನೆಯದು ಬೇಕಾಗುವುದು ಅಪರೂಪ.

ಬ್ಲೇಡ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಏಕೆಂದರೆ ಸೆಕೆಂಡ್ ಹ್ಯಾಂಡ್ ಮಷಿನ್ ಜೊತೆ ಬಂದ ಬ್ಲೇಡ್ ಮೇಲೆ ನನಗೆ ನಂಬಿಕೆ ಇಲ್ಲ. ಕಾರ್ಬೈಡ್ ಹಲ್ಲು ಒಂದಾದರೂ ಉದುರಿದ್ದರೆ, ತಟ್ಟೆಯಲ್ಲಿ ಬಿರುಕಿದ್ದರೆ ಎಸೆಯಿರಿ. ಬೀಡಿಂಗ್‌ಗೆ 60ರಿಂದ 80 ಹಲ್ಲಿನ ಬ್ಲೇಡ್ ತಗೊಳ್ಳಿ. ಅಂಗಡಿಯಲ್ಲಿ "ಮೈಟರ್ ಸಾಗೆ" ಅಂತ ಹೇಳಿಯೇ ಕೇಳಿ. ಉದ್ದಕ್ಕೆ ಸೀಳುವ ಟೇಬಲ್ ಸಾ ಬ್ಲೇಡ್‌ನ ಹಲ್ಲು 15ರಿಂದ 20 ಡಿಗ್ರಿ ಮುಂದಕ್ಕೆ ಬಾಗಿರುತ್ತದೆ. ಇಲ್ಲಿ ಹಾಕಿದರೆ ಅದು ಮರವನ್ನು ಕಚ್ಚಿ ಎಳೆಯುತ್ತದೆ. ಮೈಟರ್ ಸಾಗೆ ಸೊನ್ನೆಯ ಆಸುಪಾಸು ಅಥವಾ ಹಿಂದಕ್ಕೆ ವಾಲಿದ ಹಲ್ಲು ಬೇಕು. ನಡುವಿನ ತೂತು 25.4 ಮಿಮೀ ಮತ್ತು 30 ಮಿಮೀ ಎರಡೂ ಬರುತ್ತವೆ, ನಿಮ್ಮದು ಯಾವುದು ಅಂತ ಅಳೆದುಕೊಂಡು ಹೋಗಿ. ನಿಮಿಷಕ್ಕೆ ಎಷ್ಟು ಸುತ್ತು ಅಂತ ಬ್ಲೇಡ್ ಮೇಲೆ ಬರೆದ ಆರ್‌ಪಿಎಂ ಮಷಿನ್‌ನ ಆರ್‌ಪಿಎಂಗಿಂತ ಕಡಿಮೆ ಇರಬಾರದು.

ಬಿಚ್ಚುವಾಗ ಒಂದು ವಿಷಯ. ಹೆಚ್ಚಿನ ಮೈಟರ್ ಸಾಗಳಲ್ಲಿ ಬ್ಲೇಡ್ ಬೋಲ್ಟ್‌ಗೆ ಉಲ್ಟಾ ಥ್ರೆಡ್. ಸಡಿಲ ಮಾಡಲು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ಗೊತ್ತಿಲ್ಲದೆ ಅದರ ವಿರುದ್ಧ ದಿಕ್ಕಿಗೆ ಪೈಪ್ ಹಾಕಿ ಬಲ ಬಿಟ್ಟರೆ ಬೋಲ್ಟ್ ತಲೆ ಹೋಗುತ್ತದೆ. ಬ್ಲೇಡನ್ನು ಎರಡು ಬದಿಯಿಂದ ಹಿಡಿಯುವ ಬಿಲ್ಲೆಗಳನ್ನು (ಫ್ಲ್ಯಾಂಜ್) ಒರೆಸಿ, ಬ್ಲೇಡ್‌ನ ಬಾಣ ಮತ್ತು ಗಾರ್ಡ್‌ನ ಬಾಣ ಒಂದೇ ದಿಕ್ಕಿಗೆ ಇದೆಯಾ ನೋಡಿ ಬಿಗಿ ಮಾಡಿ. ಹೊಸ ಬ್ಲೇಡ್ ಹಾಕಿದ ಮೇಲೆ ಪಕ್ಕಕ್ಕೆ ನಿಂತು ಒಂದು ನಿಮಿಷ ಖಾಲಿ ಓಡಿಸಿ.

ಬ್ಲೇಡ್ ಮೊಂಡಾಯಿತು ಅನ್ನುವ ಮೊದಲು ತೊಳೆದು ನೋಡಿ. ಪ್ಯಾಕಿಂಗ್ ಪೈನ್ ಮರದ ರಾಳ ಹಲ್ಲಿನ ಬುಡಕ್ಕೆ ಕಪ್ಪಗೆ ಅಂಟುತ್ತದೆ, ಮರ ಸುಟ್ಟ ವಾಸನೆ ಬರುತ್ತದೆ. ಬಿಸಿ ನೀರಿಗೆ ಪಾತ್ರೆ ಲಿಕ್ವಿಡ್ ಹಾಕಿ ಅರ್ಧ ಗಂಟೆ ನೆನೆಸಿ, ಹಲ್ಲುಜ್ಜುವ ಹಳೆಯ ಬ್ರಷ್‌ನಲ್ಲಿ ಉಜ್ಜಿ, ಕೂಡಲೇ ಒಣಗಿಸಿ. ಎಷ್ಟೋ ಬ್ಲೇಡ್ ಹೀಗೇ ಮತ್ತೆ ಬದುಕುತ್ತವೆ. ಪ್ಯಾಕಿಂಗ್ ಮರ, ಹಳೆಯ ಮನೆ ಕೆಡವಿದ ಬಾಗಿಲು ಚೌಕಟ್ಟು ಕೊಯ್ಯುವುದಾದರೆ ಮೊದಲು ಮೊಳೆ ಹುಡುಕಿ. ತಲೆ ಮುರಿದ ಮೊಳೆ ಕಣ್ಣಿಗೆ ಕಾಣದು, ಆಯಸ್ಕಾಂತ ಆಡಿಸಿದರೆ ಸಿಕ್ಕುತ್ತದೆ.

ಕೊಯ್ಯುವ ಕ್ರಮ ಹೀಗಿರಲಿ. ಮಷಿನ್ ಟೇಬಲ್‌ಗೆ ಬೋಲ್ಟ್ ಆಗಿರಬೇಕು. ಪಟ್ಟಿ ಟೇಬಲ್‌ಗೂ ಫೆನ್ಸ್‌ಗೂ ಪೂರ್ತಿ ಒರಗಿರಬೇಕು. ಸೊಟ್ಟ ಪಟ್ಟಿಯಾದರೆ ಉಬ್ಬಿದ ಮೈ ಫೆನ್ಸ್ ಕಡೆಗೆ. ಕೈ ಬ್ಲೇಡ್‌ನಿಂದ ಆರು ಇಂಚು ದೂರ. ಅಷ್ಟು ಜಾಗ ಇಲ್ಲ ಅಂದರೆ ಕ್ಲ್ಯಾಂಪ್. ಎಡಗೈಯನ್ನು ಬ್ಲೇಡ್ ದಾಟಿಸಿ ಬಲಗಡೆ ಹಿಡಿಯುವುದು ಬೇಡವೇ ಬೇಡ. ಸ್ವಿಚ್ ಒತ್ತಿ, ಪೂರ್ತಿ ವೇಗ ಬಂದ ಮೇಲೆ ಇಳಿಸಿ. ಕೊಯ್ದಾದ ಮೇಲೆ ತಲೆ ಕೆಳಗೇ ಇರುವಾಗ ಸ್ವಿಚ್ ಬಿಟ್ಟು, ಬ್ಲೇಡ್ ನಿಂತ ಮೇಲೆ ಎತ್ತಿ. ಸಣ್ಣ ತುಂಡು ಹಾರುವುದು ತಿರುಗುವ ಬ್ಲೇಡನ್ನು ಎತ್ತುವಾಗ. ನಿಮ್ಮದು ಹಿಂದೆಮುಂದೆ ಜಾರುವ ಸ್ಲೈಡಿಂಗ್ ಮಾದರಿಯಾದರೆ ಮೊದಲು ತಲೆಯನ್ನು ಮುಂದಕ್ಕೆ ಎಳೆದುಕೊಂಡು, ಆನ್ ಮಾಡಿ, ಇಳಿಸಿ, ಹಿಂದಕ್ಕೆ ತಳ್ಳುತ್ತಾ ಕೊಯ್ಯಿರಿ. ಎಳೆಯುತ್ತಾ ಕೊಯ್ದರೆ ಬ್ಲೇಡ್ ಮರದ ಮೇಲೆ ಹತ್ತಿ ನಿಮ್ಮ ಕಡೆಗೇ ಬರುತ್ತದೆ.

ಎಂಟು ಅಡಿ ಬೀಡಿಂಗ್‌ನ ಇನ್ನೊಂದು ತುದಿ ಹಿಡಿದುಕೋ ಅಂತ ಮನೆಯವರನ್ನು, ಮಕ್ಕಳನ್ನು ಕರೆಯಬೇಡಿ. ಅವರು ಸ್ವಲ್ಪ ಎತ್ತಿದರೂ ಕೊಯ್ತ ಮುಚ್ಚಿಕೊಂಡು ಬ್ಲೇಡನ್ನು ಹಿಡಿಯುತ್ತದೆ. ಮಷಿನ್ ಟೇಬಲ್‌ನಷ್ಟೇ ಎತ್ತರದ ಸ್ಟೂಲ್ ಇಡಿ.

ಕೈಗವಸು ಬೇಡ, ಬಟ್ಟೆ ಸಿಕ್ಕಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಉದ್ದ ತೋಳು, ದುಪಟ್ಟಾ, ಇಳಿಬಿದ್ದ ಪಂಚೆ, ಮಣಿಕಟ್ಟಿನ ಸಡಿಲ ದಾರಕ್ಕೂ ಇದೇ ಮಾತು. ಕನ್ನಡಕ, ಶೂ ಹಾಕಿ. ಕಿವಿಗೆ ಮಫ್ ಬೇಕೇ ಬೇಕು. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ತಡೆಯಬಹುದು ಅನ್ನುವುದು ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಯಾಶ್ (NIOSH) ಸಂಸ್ಥೆಯ ಲೆಕ್ಕ. ಪ್ರತಿ 3 ಡೆಸಿಬಲ್‌ಗೆ ಆ ಹೊತ್ತು ಅರ್ಧವಾಗುತ್ತದೆ. 100ಕ್ಕೆ ಬಂದರೆ ಉಳಿಯುವುದು 15 ನಿಮಿಷ, ಮೈಟರ್ ಸಾ ಸದ್ದು ಆ ಆಸುಪಾಸಿಗೆ ಬರುತ್ತದೆ. ಮೂಗಿಗೆ ಎನ್95 ಮಾಸ್ಕ್. ಮರದ ಧೂಳು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ. ಮಷಿನ್‌ನ ಚೀಲ ಎಲ್ಲ ಧೂಳನ್ನೂ ಹಿಡಿಯುವುದಿಲ್ಲ.

ಕರೆಂಟ್‌ಗೆ 16 ಆಂಪಿಯರ್ ಸಾಕೆಟ್, ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇದ್ದರೆ ಒಳ್ಳೆಯದು. ಎಕ್ಸ್‌ಟೆನ್ಷನ್ ವೈರ್ ತೆಳ್ಳಗಿದ್ದರೆ ಮೋಟಾರ್ ಏದುಸಿರು ಬಿಡುತ್ತದೆ. 2.5 ಚದರ ಮಿಮೀ ವೈರ್ ಹಾಕಿ, ಸುರುಳಿ ಪೂರ್ತಿ ಬಿಚ್ಚಿ. ಕೆಲಸದ ನಡುವೆ ಕರೆಂಟ್ ಹೋದರೆ, ನಮ್ಮಲ್ಲಿ ಹೋಗಿಯೇ ಹೋಗುತ್ತದಲ್ವಾ, ಮೊದಲು ಪ್ಲಗ್ ಕೀಳಿ. ಸ್ವಿಚ್ ಲಾಕ್ ಆಗಿದ್ದರೆ ಕರೆಂಟ್ ಬಂದ ತಕ್ಷಣ ತಾನೇ ತಿರುಗಲು ಶುರುಮಾಡುತ್ತದೆ.

ಮೋಟಾರ್‌ನಲ್ಲಿ ಕಿಡಿ ಜಾಸ್ತಿ ಕಂಡರೆ ಕಾರ್ಬನ್ ಬ್ರಷ್ ಬಿಚ್ಚಿ ನೋಡಿ. ಎರಡೂ ಬದಿಯ ಮುಚ್ಚಳದ ಒಳಗೆ ಇರುತ್ತವೆ. ಗುರುತಿನ ಗೆರೆ ತನಕ ಸವೆದಿದ್ದರೆ ಜೋಡಿಯಾಗಿಯೇ ಬದಲಿಸಿ. ಎಲೆಕ್ಟ್ರಿಕ್ ಬ್ರೇಕ್ ಇರುವ ಮಷಿನ್‌ನಲ್ಲಿ ಬ್ರಷ್ ಸವೆದರೆ ಬ್ರೇಕ್ ಕೂಡ ಕೈಕೊಡುತ್ತದೆ. ಮೊದಲಿಗಿಂತ ನಿಧಾನವಾಗಿ ನಿಲ್ಲುತ್ತಿದೆ ಅನ್ನಿಸಿದರೆ ಅಲ್ಲೇ ಹುಡುಕಿ. ಆಯುಧ ಪೂಜೆಗೆ ಹೇಗೂ ಮಷಿನ್ ತೊಳೆದು ಒರೆಸುತ್ತೀರಿ, ಫೆನ್ಸ್ ಮತ್ತು ಬ್ರಷ್ ಅವತ್ತೇ ನೋಡಿಬಿಡಿ. ಹಾರ ಹಾಕಿದ ಮೇಲೆ ಒಂದು ಸಲ ಓಡಿಸಿ ತೋರಿಸುವ ಆಸೆ ಇದ್ದರೆ ಹಾರ ತೆಗೆದಿಟ್ಟು ಓಡಿಸಿ.

ಇನ್ನು ಅಲ್ಯೂಮಿನಿಯಂ. ಆಗುತ್ತದೆ, ನಿಮ್ಮ ಮಷಿನ್‌ನ ಪುಸ್ತಕ ಒಪ್ಪಿದರೆ. ಅದಕ್ಕೆಂದೇ ಮಾಡಿದ, ಹಲ್ಲು ಹಿಂದಕ್ಕೆ ವಾಲಿದ, 100ರ ಆಸುಪಾಸು ಹಲ್ಲಿನ ಬ್ಲೇಡ್ ಹಾಕಿ. ಸೆಕ್ಷನ್ ಎಷ್ಟೇ ಸಣ್ಣದಿರಲಿ, ಕ್ಲ್ಯಾಂಪ್ ಬಿಗಿದೇ ಕೊಯ್ಯಿರಿ. ಧೂಳಿನ ಚೀಲ ಕಳಚಿ, ಮರದ ಹೊಟ್ಟನ್ನೆಲ್ಲ ಗುಡಿಸಿ, ಆಮೇಲೆ ಶುರುಮಾಡಿ. ಅಲ್ಯೂಮಿನಿಯಂ ಚೂರುಗಳು ಬಿಸಿಯಾಗಿರುತ್ತವೆ, ಹೊಟ್ಟಿಗೆ ಬೆಂಕಿ ತಗುಲಬಹುದು. ಕಬ್ಬಿಣದ ಪೈಪ್, ಆಂಗಲ್ ಮಾತ್ರ ಇದರಲ್ಲಿ ಬೇಡ. ಅದಕ್ಕೆ 14 ಇಂಚಿನ ಕಲ್ಲಿನ ಡಿಸ್ಕ್ ಹಾಕುವ ಕಟ್ ಆಫ್ ಮಷಿನ್ ಬೇರೆಯೇ ಇದೆ. ಅದೇ ತರಹದ ಡಿಸ್ಕನ್ನು 10 ಇಂಚಿನದು ತಂದು ಮೈಟರ್ ಸಾಗೆ ಹಾಕಿಕೊಡುವವರೂ ಸಿಗುತ್ತಾರೆ, ಬೇಡ ಅನ್ನಿ. ಕಿಡಿ ಹೋಗಿ ಬೀಳುವುದು ಮೋಟಾರ್ ಹಿಂದೆ ಕೂತಿರುವ ಒಣ ಹೊಟ್ಟಿನ ಮೇಲೆ.